100 ಕೋಟಿ ಆಯಿತು, ನಮ್ಮ ಮಹಲ್ಲಿನ ಲೆಕ್ಕ ಎಷ್ಟಾಯಿತು?

2021ರ ಅಕ್ಟೋಬರ್ 21ರಂದು ದೇಶದಲ್ಲಿ ಕೊರೋನ ಲಸಿಕೆಯ ಲೆಕ್ಕ 100 ಕೋಟಿ ಡೋಸ್ ಮುಟ್ಟಿತು. ಸ್ಮಾರಕಗಳಿಗೆ ತ್ರಿವರ್ಣದ ದೀಪ ಹಾಕಿದರು, ಟಿವಿಯವರು ದಿನವಿಡೀ ಅದನ್ನೇ ತೋರಿಸಿದರು. ನಮ್ಮ ಮೊಬೈಲುಗಳಿಗೂ ಅಭಿನಂದನೆಯ ಫೋಟೊಗಳು ಬಂದವು. ಜನರಲ್ಲಿ ಒಂದು ಧೈರ್ಯ ಬಂತು. ಮದುವೆ ಹಾಲ್‌ಗಳು ತುಂಬತೊಡಗಿದವು, ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿಯ ಮಕ್ಕಳೂ ಶಾಲೆಗೆ ಹೋಗತೊಡಗಿದರು. ‘ಇನ್ನೆಂತ ಕೊರೋನ, ಅದು ಹೋಯಿತು’ ಎಂಬ ಮಾತು ಅಂಗಡಿ ಬಾಗಿಲಲ್ಲೂ ಮಸೀದಿಯ ಅಂಗಳದಲ್ಲೂ ಕೇಳಿಬರುತ್ತಿತ್ತು.

ಸಂತೋಷ ಪಡುವುದರಲ್ಲಿ ತಪ್ಪಿಲ್ಲ. ಅದಕ್ಕೂ ಆರು ತಿಂಗಳ ಹಿಂದೆ ನಾವು ಹೇಗಿದ್ದೆವು ಎಂದು ನೆನಪು ಮಾಡಿಕೊಂಡರೆ ಸಾಕು. ಮೇ ಮೊದಲ ವಾರದಲ್ಲಿ ದೇಶದಲ್ಲಿ ದಿನಕ್ಕೆ 4 ಲಕ್ಷಕ್ಕಿಂತ ಹೆಚ್ಚು ಹೊಸ ಪ್ರಕರಣ ಬರುತ್ತಿದ್ದವು. ಹಾಸಿಗೆಗೆ ಒಬ್ಬರು ಓಡಿದರೆ ಆಮ್ಲಜನಕಕ್ಕೆ ಇನ್ನೊಬ್ಬರು ಓಡುತ್ತಿದ್ದರು. ಮಯ್ಯತ್ತಿಗೆ ಹತ್ತಿರದವರೇ ಬರಲಾಗದ ದಿನಗಳವು. ಆಗ ಲಸಿಕೆಗೂ ಬರ. ಮೇ 1ರಿಂದ 18 ದಾಟಿದವರಿಗೆಲ್ಲ ಸೂಜಿ ಎಂದು ಘೋಷಿಸಿದರೂ ನಮ್ಮ ರಾಜ್ಯದಲ್ಲಿ ಸ್ಟಾಕ್ ಇಲ್ಲದೆ ಅದನ್ನು ಮುಂದೂಡಬೇಕಾಯಿತು. ಅಲ್ಲಿಂದ ಹೊರಟು, ಜೂನ್ 21ರಿಂದ ಎಲ್ಲರಿಗೂ ಉಚಿತವಾಗಿ, ಸೆಪ್ಟೆಂಬರ್ 17ರಂದು ಒಂದೇ ದಿನ 2.5 ಕೋಟಿ ಡೋಸ್ ಹಾಕುವವರೆಗೆ ಬಂದದ್ದು ಸಣ್ಣ ಕೆಲಸವಲ್ಲ. ಬಿಸಿಲು ಮಳೆ ನೋಡದೆ ಮನೆಮನೆ ಹತ್ತಿದ ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ಇದರ ಶ್ರೇಯಸ್ಸು ಮೊದಲು ಸಲ್ಲಬೇಕು.

ಆದರೆ ಈ 100 ಕೋಟಿ ಎಂದರೆ ಎಂತದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಡೋಸ್‌ಗಳ ಲೆಕ್ಕ, ಜನರ ಲೆಕ್ಕ ಅಲ್ಲ. ಆ ದಿನದ ಸರಕಾರಿ ಅಂಕಿ ಪ್ರಕಾರವೇ ದೇಶದ ವಯಸ್ಕರಲ್ಲಿ ಸುಮಾರು 75 ಶೇಕಡಾ ಮಂದಿಗೆ ಒಂದು ಡೋಸ್ ಆಗಿತ್ತು. ಎರಡೂ ಡೋಸ್ ಆದವರು ಸುಮಾರು 31 ಶೇಕಡಾ ಮಾತ್ರ. ಅಂದರೆ ಹತ್ತು ಮಂದಿ ದೊಡ್ಡವರು ಕೂತರೆ ಅದರಲ್ಲಿ ಮೂವರದ್ದು ಮಾತ್ರ ಪೂರ್ತಿ ಆಗಿತ್ತು. ಎರಡನೇ ಡೋಸ್‌ನ ದಿನ ದಾಟಿಯೂ ಹಾಕಿಸಿಕೊಳ್ಳದವರು ಆಗ 10 ಕೋಟಿಗೂ ಹೆಚ್ಚು ಇದ್ದರು. ಇವರೆಲ್ಲ ಲಸಿಕೆ ಬೇಡ ಎಂದವರಲ್ಲ. ಒಮ್ಮೆ ಬಂದು ತೋಳು ಕೊಟ್ಟವರು, ಆಮೇಲೆ ಬಾರದವರು. ಅದಕ್ಕೇ ಕೇಂದ್ರ ಸರಕಾರ 2021ರ ನವೆಂಬರ್‌ನಲ್ಲಿ ‘ಹರ್ ಘರ್ ದಸ್ತಕ್’ ಎಂದು ಮನೆ ಬಾಗಿಲು ತಟ್ಟುವ ಅಭಿಯಾನ ಶುರು ಮಾಡಿತು.

ಒಂದು ಡೋಸ್‌ಗೂ ಎರಡಕ್ಕೂ ಏನು ವ್ಯತ್ಯಾಸ? ಎರಡನೇ ಅಲೆಯಲ್ಲಿ ತಮಿಳುನಾಡಿನ ಒಂದು ಲಕ್ಷಕ್ಕೂ ಹೆಚ್ಚು ಪೊಲೀಸರ ಮಾಹಿತಿ ತೆಗೆದು ಐಸಿಎಂಆರ್ ಅಧ್ಯಯನ ಮಾಡಿದೆ. ಒಂದು ಡೋಸ್ ಆದವರಲ್ಲಿ ಸಾವಿನಿಂದ 82 ಶೇಕಡಾ ರಕ್ಷಣೆ, ಎರಡಾದವರಲ್ಲಿ 95 ಶೇಕಡಾ ರಕ್ಷಣೆ ಕಂಡಿತು. ಲಸಿಕೆ ಹಾಕಿದವರಿಗೂ ಜ್ವರ, ನೆಗಡಿ, ಸೋಂಕು ಬರಬಹುದು. ಅದನ್ನು ತೋರಿಸಿ ‘ಸೂಜಿ ಹಾಕಿ ಎಂತ ಪ್ರಯೋಜನ’ ಎನ್ನುವವರು ಐಸಿಯು ಬಾಗಿಲಿನ ಲೆಕ್ಕ ನೋಡುವುದಿಲ್ಲ.

ನಮ್ಮ ಮನೆಗಳಲ್ಲಿ ಎರಡನೇ ಡೋಸ್ ಯಾಕೆ ಬಾಕಿ?

ಕಾರಣಗಳು ದೊಡ್ಡವೇನೂ ಅಲ್ಲ. ಮೇ ತಿಂಗಳಲ್ಲಿ ಕೋವಿಶೀಲ್ಡ್‌ನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದರು. 84 ದಿನ ಎಂದರೆ ಮರೆತುಹೋಗುವಷ್ಟು ಉದ್ದ. ಮೊದಲ ಸೂಜಿಗೆ ಎರಡು ದಿನ ಜ್ವರ ಬಂದು ಕೂಲಿ ತಪ್ಪಿದವರು ಇನ್ನೊಮ್ಮೆ ಬೇಡ ಅಂತಾರೆ. ಕೋವಿನ್‌ನಲ್ಲಿ ಆಗ ಒಂದೇ ಮೊಬೈಲ್ ನಂಬರಿಗೆ ನಾಲ್ಕು ಮಂದಿಯನ್ನು ಸೇರಿಸಬಹುದಿತ್ತು. ನಮ್ಮಲ್ಲಿ ಹೆಚ್ಚಾಗಿ ಉಮ್ಮನಿಗೂ ಅಜ್ಜಿಗೂ ಕೊಟ್ಟದ್ದು ಮಗನ ನಂಬರ್. ಮಗ ಊರಿನ ಸಿಮ್ ತೆಗೆದಿಟ್ಟು ದಮ್ಮಾಮಿಗೋ ದುಬೈಗೋ ವಿಮಾನ ಹತ್ತಿದರೆ, ಎರಡನೇ ಡೋಸ್‌ನ ಮೆಸೇಜ್ ಯಾರಿಗೂ ತಲುಪುವುದಿಲ್ಲ. ಕೇಂದ್ರದಲ್ಲಿ ಗಂಡಸರ ಕ್ಯೂ ನೋಡಿ ಹಿಂದೆ ಬಂದ ಹೆಂಗಸರಿದ್ದಾರೆ. ಗರ್ಭಿಣಿಯರಿಗೆ ಲಸಿಕೆ ಆಗುವುದಿಲ್ಲ ಎಂದು ಮೊದಲು ಹೇಳಿದ್ದು ಹಾಗೇ ಮನಸ್ಸಿನಲ್ಲಿ ಕೂತಿದೆ. ಜುಲೈಯಲ್ಲಿ ಸರಕಾರ ಅವರಿಗೂ ಅನುಮತಿ ಕೊಟ್ಟಿದೆ ಎಂಬುದು ಎಷ್ಟೋ ಮನೆಗಳಿಗೆ ಮುಟ್ಟಿಲ್ಲ.

ಗಲ್ಫಿನ ವಿಷಯವೇ ಬೇರೆ. ಈ ಲಸಿಕೆ ಅಭಿಯಾನದಲ್ಲಿ ಬ್ಯಾರಿ ಮನೆಗಳು ಪಟ್ಟ ಕಷ್ಟ ಬಯಲುಸೀಮೆಯವರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ರಜೆಗೆ ಬಂದು ಸಿಕ್ಕಿಬಿದ್ದ ಹುಡುಗರು ವೀಸಾ ಮುಗಿಯುವ ಮೊದಲು ಎರಡು ಡೋಸ್ ಮುಗಿಸಬೇಕಿತ್ತು. ಆಗಲೇ 84 ದಿನದ ನಿಯಮ ಬಂತು. ಜೂನ್ 7ರ ಕೇಂದ್ರದ ಆದೇಶದಲ್ಲಿ ಓದಿಗೆ, ಕೆಲಸಕ್ಕೆ ಹೊರದೇಶಕ್ಕೆ ಹೋಗುವವರು 28 ದಿನದ ನಂತರ ಎರಡನೇ ಕೋವಿಶೀಲ್ಡ್ ಪಡೆಯಬಹುದು ಎಂದಾದ ಮೇಲೆ ಉಸಿರು ಬಂತು. ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ನಂಬರ್ ಸೇರಿಸುವ ವ್ಯವಸ್ಥೆಯೂ ಆಯಿತು. ಆದರೆ ಸಿಕ್ಕಿದ ಲಸಿಕೆ ಹಾಕಿಸಿಕೊಳ್ಳಿ ಎಂದಾಗ ಕೋವ್ಯಾಕ್ಸಿನ್ ಪಡೆದವರು ಸಿಕ್ಕಿಬಿದ್ದರು. ಸೌದಿಯ ಪಟ್ಟಿಯಲ್ಲಿ ಆಸ್ಟ್ರಾಝೆನೆಕಾ ಇತ್ತು, ಕೋವಿಶೀಲ್ಡ್ ಅದೇ ಲಸಿಕೆ. ಕೋವ್ಯಾಕ್ಸಿನ್ ಇರಲಿಲ್ಲ. ಮಾತು ಕೇಳಿ ಬೇಗ ಸೂಜಿ ಹಾಕಿಸಿಕೊಂಡವನೇ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ, ತಡ ಮಾಡಿದವ ವಿಮಾನ ಹತ್ತಿದ. 2021ರ ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವ್ಯಾಕ್ಸಿನ್‌ಗೆ ತುರ್ತು ಬಳಕೆಯ ಮಾನ್ಯತೆ ಕೊಟ್ಟಿತು, ಒಮಾನ್ ಅದಕ್ಕಿಂತ ಮೊದಲೇ ಒಪ್ಪಿಕೊಂಡಿತ್ತು. ಇದು ನಮಗೆ 100 ಕೋಟಿಗಿಂತ ದೊಡ್ಡ ಸುದ್ದಿ ಎಂದರೆ ಅತಿಶಯವಲ್ಲ. ಆದರೂ ಪ್ರತಿ ದೇಶದ ನಿಯಮ ಬೇರೆ ಇತ್ತು, ಹೊರಡುವವರು ಆ ದೇಶದ ಆಗಿನ ಪಟ್ಟಿ ನೋಡಿಯೇ ಟಿಕೆಟ್ ಮಾಡಬೇಕಿತ್ತು.

ಸಂಶಯ ಎಲ್ಲಿಂದ ಬಂತು?

ಇನ್ನೂ ಒಂದು ಡೋಸ್ ಕೂಡ ಹಾಕಿಸಿಕೊಳ್ಳದವರ ಬಗ್ಗೆ ಮಾತಾಡುವಾಗ ಕೆಲವರು ನಮ್ಮ ಸಮುದಾಯದ ಕಡೆ ಬೆರಳು ತೋರಿಸುವುದುಂಟು. ಆ ಬೆರಳಿಗೆ ಉತ್ತರ ಕೊಡಬೇಕು, ಹಾಗೆಯೇ ನಮ್ಮೊಳಗೂ ಮಾತಾಡಬೇಕು.

2020ರ ಎಪ್ರಿಲ್‌ನಲ್ಲಿ ತಬ್ಲೀಗ್ ಹೆಸರಲ್ಲಿ ಇಡೀ ಸಮುದಾಯವನ್ನೇ ರೋಗ ಹರಡುವವರು ಎಂದು ಚಿತ್ರಿಸಿದ್ದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಆದರೆ ಆರೋಪ ಹೋದಷ್ಟು ದೂರ ತೀರ್ಪು ಹೋಗಲಿಲ್ಲ. 2021ರ ಮೇಯಲ್ಲಿ ಬೆಂಗಳೂರಿನ ವಾರ್ ರೂಮಿನಲ್ಲಿ ದುಡಿಯುತ್ತಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಮುಸ್ಲಿಂ ಹುಡುಗರ ಹೆಸರುಗಳನ್ನೇ ಆರಿಸಿ ಕ್ಯಾಮೆರಾದ ಮುಂದೆ ಓದಲಾಯಿತು. ಅದೇ ದಿನಗಳಲ್ಲಿ ನಮ್ಮ ಯುವಕರು ಪಿಪಿಇ ಕಿಟ್ ತೊಟ್ಟು ಜಾತಿ ಧರ್ಮ ನೋಡದೆ ಶವಸಂಸ್ಕಾರ ಮಾಡುತ್ತಿದ್ದರು. ಇಷ್ಟೆಲ್ಲ ಕಂಡವರಿಗೆ ಸರಕಾರದ ಸೂಜಿಯ ಮೇಲೆ ತಕ್ಷಣ ನಂಬಿಕೆ ಬಾರದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸಿಟ್ಟನ್ನು ಲಸಿಕೆಯ ಮೇಲೆ ತೀರಿಸಿಕೊಂಡರೆ ನಷ್ಟ ನಮ್ಮ ಮನೆಯ ಹಿರಿಯರಿಗೆ.

ವಾಟ್ಸಾಪ್ ಬೇರೆ ಉಂಟು. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕುವಾಗ ‘ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಸುಳ್ಳು ಮೆಸೇಜ್ ಹರಿದಾಡಿದ್ದು ನಮಗೆಲ್ಲ ನೆನಪಿದೆ. ಕೊರೋನ ಲಸಿಕೆಯ ಹೊತ್ತಿಗೆ ಬಂದದ್ದೂ ಅದೇ ಮೆಸೇಜ್, ರೋಗದ ಹೆಸರು ಮಾತ್ರ ಬದಲು. ಪೋಲಿಯೊ ಹನಿಗೂ ಹೀಗೇ ಆಗಿತ್ತು. ಉತ್ತರ ಪ್ರದೇಶದಲ್ಲಿ ಆ ಸಂಶಯ ಕರಗಿದ್ದು ಪೊಲೀಸರಿಂದ ಅಲ್ಲ. ಉಲಮಾಗಳು ಮಾತಾಡಿದರು, ಮಸೀದಿಯ ಮೈಕಿನಲ್ಲಿ ಕರೆ ಕೊಟ್ಟರು, ಅಲಿಗಢ, ಜಾಮಿಯಾದಂತಹ ವಿಶ್ವವಿದ್ಯಾನಿಲಯಗಳವರು ಕೈಜೋಡಿಸಿದರು. 2011ರ ಜನವರಿಯಲ್ಲಿ ಹೌರಾದ ಒಂದು ಪುಟ್ಟ ಹೆಣ್ಣುಮಗುವಿಗೆ ಬಂದದ್ದೇ ದೇಶದ ಕೊನೆಯ ಪ್ರಕರಣ, 2014ರಲ್ಲಿ ಭಾರತ ಪೋಲಿಯೊಮುಕ್ತ ಆಯಿತು.

ಹಲಾಲ್ ಹರಾಮ್‌ನ ಪ್ರಶ್ನೆಗೂ ಉತ್ತರ ಉಂಟು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಹಂದಿಯ ಜೆಲಾಟಿನ್ ಇಲ್ಲ. ಬೇರೆ ಯಾವುದಾದರೂ ಲಸಿಕೆಯಲ್ಲಿ ಇದ್ದರೂ, ಜೀವ ಉಳಿಸುವ ಅನಿವಾರ್ಯದಲ್ಲಿ ಅನುಮತಿ ಇದೆ ಎಂದು ಯುಎಇಯ ಫತ್ವಾ ಮಂಡಳಿ 2020ರ ಡಿಸೆಂಬರ್‌ನಲ್ಲೇ ಹೇಳಿದೆ. ಹಜ್‌ಗೆ ಹೊರಟ ನಮ್ಮ ಹಾಜಿಗಳು ವರ್ಷಗಳಿಂದ ಮೆನಿಂಜೈಟಿಸ್ ಸೂಜಿ ಹಾಕಿಸಿಕೊಂಡೇ ಹೋಗುತ್ತಿದ್ದಾರೆ. 2021ರಲ್ಲಿ ಹಜ್ ಮಾಡಿದ್ದು ಸೌದಿಯಲ್ಲಿಯೇ ಇರುವ, ಲಸಿಕೆ ಪಡೆದ 60,000 ಮಂದಿ ಮಾತ್ರ. ಮದ್ದು ಮಾಡುವುದು ತವಕ್ಕುಲ್‌ಗೆ ವಿರೋಧವಲ್ಲ, ಪ್ರತಿ ರೋಗಕ್ಕೂ ಮದ್ದು ಇದೆ ಎಂದು ಕಲಿಸಿದ ಪ್ರವಾದಿ (ಸ.ಅ.) ಅವರ ಉಮ್ಮತ್ ನಾವು.

ಒತ್ತಾಯದಿಂದ ನಂಬಿಕೆ ಬರುವುದಿಲ್ಲ

ಸ್ವಾತಂತ್ರ್ಯದ ಅಮೃತ ಮಹೋತ್ಸವದ ಸಮಯದಲ್ಲಿ ವಿದುರಾಶ್ವತ್ಥದ ಹೆಸರು ಮತ್ತೆ ಕೇಳಿಬಂತು. 2021ರಲ್ಲಿ ನಮ್ಮ ಆರೋಗ್ಯ ಸಚಿವರಾಗಿದ್ದವರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಗೌರಿಬಿದನೂರು ತಾಲೂಕಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ಊರು ಅದು. ಕರಾವಳಿಯವರಾದ ನಮಗೆ ದೂರ, ಆದರೆ ಅಲ್ಲಿ ನಡೆದದ್ದು ಈ ಚರ್ಚೆಗೆ ಹತ್ತಿರ. 1938ರ ಎಪ್ರಿಲ್ 25ರಂದು ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುವುದು ಅದಕ್ಕೇ. ಸತ್ತವರೆಷ್ಟು ಎಂಬುದಕ್ಕೆ ಸರಕಾರ ಒಂದು ಲೆಕ್ಕ ಕೊಟ್ಟಿತು. ಜನರ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು, 30 ದಾಟುತ್ತದೆ. ಇಂದಿಗೂ ಜನ ನಂಬುವುದು ತಮ್ಮ ಲೆಕ್ಕವನ್ನೇ. ಆಗ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ಕೂತು ಮಾತಾಡಿದ ಮೇಲೆ ಒಪ್ಪಂದವಾಯಿತು, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜಕ್ಕೂ ಜಾಗ ಸಿಕ್ಕಿತು. ಬಂದೂಕಿನಿಂದ ಆಗದ ಕೆಲಸ ಮಾತುಕತೆಯಿಂದ ಆಯಿತು.

ಈ ಎರಡೂ ಪಾಠ 2021ರಲ್ಲಿ ಬೇಕಾಗಿದ್ದವು. ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲದೆ ಜನ ಸತ್ತಾಗ, ಅದರಿಂದ ಸತ್ತವರು ಮೂವರು ಎಂದು ಸರಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿಯ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು ಬಂತು. ಸಾವಿನ ಲೆಕ್ಕದಲ್ಲಿ ಹೀಗೆ ಮಾಡಿದವರು ಲಸಿಕೆಯ ಲೆಕ್ಕ ಹೇಳಿದಾಗ ಜನ ಅರೆಮನಸ್ಸಿನಿಂದ ಕೇಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಅದೇ ಜಿಲ್ಲೆಯಿಂದ ‘ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ’ ಎಂಬ ಸುದ್ದಿ ಬಂತು. ಬಡವರ ಅಕ್ಕಿ ನಿಲ್ಲಿಸಿ ಅಂಕಿ ಏರಿಸಬಹುದು, ಆದರೆ ಮುಂದಿನ ಲಸಿಕೆಗೆ ಅವರು ಇನ್ನಷ್ಟು ದೂರ ಓಡುತ್ತಾರೆ. ನಮ್ಮ ತಲಪಾಡಿ ಗಡಿಯಲ್ಲೂ ಆಗಸ್ಟ್‌ನಲ್ಲಿ ಎರಡು ಡೋಸ್ ಆದವರಿಂದಲೂ ಆರ್‌ಟಿಪಿಸಿಆರ್ ವರದಿ ಕೇಳಿದರು. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಬರುವವರು ‘ಹಾಗಾದರೆ ಸೂಜಿ ಯಾಕೆ?’ ಎಂದು ಕೇಳಿದ್ದರಲ್ಲಿ ತಪ್ಪೇನಿತ್ತು? ಲಸಿಕೆಯನ್ನು ನಂಬಿ ಎಂದು ಹೇಳುವವರು ತಾವೂ ಅದನ್ನು ನಂಬಬೇಕು.

ಜಮಾಅತ್‌ಗಳ ಕೈಯಲ್ಲಿರುವ ಕೆಲಸ

ಸರಕಾರದ ಲೆಕ್ಕ ಮೇಲಿನಿಂದ ಬರುವುದು. ನಮಗೆ ಬೇಕಾದ್ದು ಕೆಳಗಿನಿಂದ ಏರುವ ಲೆಕ್ಕ, ಅದನ್ನು ಇಡುವ ವ್ಯವಸ್ಥೆ ನಮ್ಮಲ್ಲಿ ಆಗಲೇ ಉಂಟು. ಪ್ರತಿ ಮಹಲ್ಲಿನಲ್ಲಿ ಮನೆಗಳ ರಿಜಿಸ್ಟರ್ ಇದೆ. ಮಾಸಿಕ ವಂತಿಗೆ ಯಾರದ್ದು ಬಾಕಿ ಎಂದು ಕಾರ್ಯದರ್ಶಿಗೆ ಬಾಯಿಪಾಠ ಬರುತ್ತದೆ. ಅದೇ ಪುಸ್ತಕದಲ್ಲಿ ಇನ್ನು ಮೂರು ಗೆರೆ ಎಳೆದರೆ ಸಾಕು: ಎರಡು ಆದವರು, ಒಂದೇ ಆದವರು, ಆಗದವರು. ಒಂದೇ ಆದವರ ಹೆಸರಿನ ಮುಂದೆ ಎರಡನೆಯದರ ತಾರೀಕು ಬರೆದು ಆ ವಾರ ಮನೆಗೆ ಒಂದು ಮಾತು ಹೇಳಿ ಕಳಿಸಬೇಕು. ಊರಲ್ಲಿಲ್ಲದ ಮಗನ ಮೊಬೈಲಿಗೆ ಕಾಯಬೇಕಾಗಿಲ್ಲ.

ಹೆಂಗಸರ ವಿಷಯ ಹೆಂಗಸರೇ ಮಾತಾಡಿದರೆ ಬೇಗ ಆಗ್ತದೆ. ಮದ್ರಸದ ಕಟ್ಟಡ ಖಾಲಿ ಇರುವ ಹೊತ್ತಿನಲ್ಲಿ ಹೆಂಗಸರಿಗೆಂದೇ ಶಿಬಿರ ಬೇಕು, ಮಹಿಳಾ ಸಿಬ್ಬಂದಿ ಕಳಿಸಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜಮಾಅತ್‌ನ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟು ಕೇಳಬೇಕು. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಲಸಿಕೆ ಕೊಡಲು ಕೇಂದ್ರ ಸರಕಾರ 2021ರ ಸೆಪ್ಟೆಂಬರ್‌ನಲ್ಲಿ ಅನುಮತಿ ಕೊಟ್ಟಿತ್ತು, ಅದನ್ನೂ ಕೇಳಿ ಪಡೆಯಬೇಕಿತ್ತು. ಖತೀಬರು ಒಂದು ಜುಮಾದಲ್ಲಿ ಐದು ನಿಮಿಷ ಇದಕ್ಕೆ ಕೊಟ್ಟರೆ ನೂರು ಪೋಸ್ಟರಿಗಿಂತ ಹೆಚ್ಚು. ತಾವೇ ಎರಡು ಡೋಸ್ ಹಾಕಿಸಿಕೊಂಡಿದ್ದೇವೆ ಎಂದು ಉಸ್ತಾದರು ಹೇಳಿದ ಮೇಲೆ ಮಹಲ್ಲಿನಲ್ಲಿ ವಾದ ಮಾಡುವವರು ಕಡಿಮೆ.

ಆಗ ಅವಸರ ಯಾಕಿತ್ತೆಂದರೆ, ಮಕ್ಕಳ ಸರದಿ ಇನ್ನೂ ಬಂದಿರಲಿಲ್ಲ. 12 ದಾಟಿದವರಿಗೆ ಜೈಕೋವ್-ಡಿಗೆ 2021ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿದ್ದರೂ ಆ ನವೆಂಬರ್‌ನಲ್ಲಿ ಹಾಕುವುದು ಇನ್ನೂ ಶುರುವಾಗಿರಲಿಲ್ಲ. ಬೆಳಿಗ್ಗೆ ಮದ್ರಸಕ್ಕೂ ಆಮೇಲೆ ಶಾಲೆಗೂ ಹೋಗಿ ಬರುವ ಮಗು ಮನೆಗೆ ಬಂದು ಕೂರುವುದು ಅಜ್ಜಿಯ ಮಡಿಲಲ್ಲಿ. ಆ ಅಜ್ಜಿಯ ಎರಡನೇ ಡೋಸ್ ಆಗಿದೆಯೇ ಎಂಬುದಕ್ಕೆ ದಿಲ್ಲಿಯ ಅಂಕಿಯಲ್ಲಿ ಉತ್ತರ ಸಿಗುವುದಿಲ್ಲ. ಈ ಪುಟ ಓದಿ ಮಡಚಿಡುವ ಮೊದಲು ಮನೆಯವರ ಸರ್ಟಿಫಿಕೇಟುಗಳನ್ನು ಒಮ್ಮೆ ತೆಗೆದು ನೋಡಿ. ಯಾರದ್ದಾದರೂ ಎರಡನೇ ಡೋಸ್ ಬಾಕಿ ಇದ್ದರೆ ಈ ವಾರವೇ ಕರೆದುಕೊಂಡು ಹೋಗಿ.