ಬೇಟೆಗಾರರ ರಕ್ಷಣೆ

ಭರತಪುರದ ಕೇವಲಾದೇವ ಘನಾದಲ್ಲಿ ಅರಸರು ಬಾತುಗಳಿಗೂ ಜಿಂಕೆಗಳಿಗೂ ಒಂದೇ ನೆಲದಲ್ಲಿ ಗುಂಡಿಟ್ಟರು, ಆದರೂ ಎರಡನ್ನೂ ಉಳಿಸಿದವರು ಅವರೇ ಎಂಬ ವಾದವನ್ನು ವಿದ್ಯಾವಂತರ ಬಾಯಲ್ಲೂ ಕೇಳುತ್ತಿದ್ದೇನೆ. ನೀರು ಕಟ್ಟಿಸಿದ್ದು ನಿಜ. ಗಾಳಕ್ಕೆ ಎರೆಹುಳು ಸಿಕ್ಕಿಸುವವನು ಮೀನಿಗೆ ಅನ್ನದಾತನೇ?

ಅಲ್ಲಿ ಕಲ್ಲಿನಲ್ಲೇ ಕೆತ್ತಿಸಿದ್ದಾರೆ: 1938ರ ನವೆಂಬರ್ 12, ವೈಸ್‌ರಾಯ್ ಲಿನ್‌ಲಿತ್‌ಗೋ, 4,273 ಹಕ್ಕಿ. ಒಂದೇ ದಿನಕ್ಕೆ! ನಮ್ಮ ಆತಕೂರಿನಲ್ಲಿಯೂ ಬೇಟೆಯ ಕಲ್ಲುಂಟು. ಅದು ನಿಂತದ್ದು ಹಂದಿಯೊಡನೆ ಕಾದಿ ಸತ್ತ 'ಕಾಳಿ' ಎಂಬ ನಾಯಿಗೆ. ಭರತಪುರದಲ್ಲಿ ಸತ್ತವರಿಗೆ ಬರಿಯ ಅಂಕಿ, ಕೊಂದವರಿಗೆ ಹೆಸರು.

1956ರಲ್ಲಿ ಪಕ್ಷಿಧಾಮವೆಂದು ಸಾರಿದ ಮೇಲೂ ಅರಸರ ಬೇಟೆಯ ಹಕ್ಕು 1972ರವರೆಗೆ ಉಳಿಯಿತು. ಅದು ಹೋದ ಮೇಲೂ ಬಾತುಗಳು ಬರುತ್ತಿವೆ, ಜಿಂಕೆಗಳು ಮೇಯುತ್ತಿವೆ. ರಕ್ಷಕರ ಬಂದೂಕಿಲ್ಲದೆ ಇವು ಬದುಕಿದ್ದು ಹೇಗೆಂದು ಆ ವಿದ್ಯಾವಂತರೇ ಹೇಳಲಿ.