ಒಂದೇ ಹುರಿಯಲ್ಲಿ ದೀಪವೂ ಮಾತೂ

ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ಎಂಬ ದ್ವೀಪರಾಜ್ಯದ ಸಂಗತಿಯನ್ನು ನಮ್ಮ ವಾಚಕರು ತಿಳಿಯಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ. ಆ ದ್ವೀಪಕ್ಕೂ ದೊಡ್ಡ ನೆಲಕ್ಕೂ ನಡುವಿನ ಕಡಲ ತಳದಲ್ಲಿ ಸುಮಾರು 290 ಕಿಲೋಮೀಟರ್ ಉದ್ದದ ಕೇಬಲೊಂದು ಮಲಗಿದೆ. ಹೆಸರು ಬಾಸ್‌ಲಿಂಕ್. 2006ರಲ್ಲಿ ಖಾಸಗಿ ಬಂಡವಾಳದಿಂದ ಇದು ಆರಂಭವಾಯಿತು. 500 ಮೆಗಾವಾಟ್ ವಿದ್ಯುಚ್ಛಕ್ತಿ ಒಯ್ಯುವ ಕೇಬಲಿನ ಮೈಗೇ ಗಾಜಿನ ಎಳೆಗಳ ಕೇಬಲನ್ನೂ ಕಟ್ಟಿ ಇಳಿಬಿಟ್ಟರು. ಗಾಜಿನೊಳಗೆ ಓಡುವುದು ಬೆಳಕು. ಪಕ್ಕದ ವಿದ್ಯುತ್ತು ಅದನ್ನು ಕೆಡಿಸಲಾರದು. ಹಡಗು ಒಂದೇ, ತೋಡುವ ಕಾಲುವೆಯೂ ಒಂದೇ. ಇದು ಎಂಜಿನಿಯರರ ಜಾಣತನ, ಅದಕ್ಕೆ ನಮ್ಮ ತಕರಾರಿಲ್ಲ.

ತಕರಾರಿರುವುದು ಲೆಕ್ಕದ ಪುಸ್ತಕ ಹಿಡಿದವರ ಮೇಲೆ. 2015ರ ಡಿಸೆಂಬರ್ 20ರಂದು ವಿದ್ಯುತ್ ಕೇಬಲು ಕೆಟ್ಟಿತು. ದುರಸ್ತಿಗಾಗಿ ಮಾರ್ಚಿಯಲ್ಲಿ ಹುರಿಯನ್ನು ಕತ್ತರಿಸಿದಾಗ ಚೆನ್ನಾಗಿದ್ದ ಗಾಜಿನ ಎಳೆಯನ್ನೂ ಕತ್ತರಿಸಬೇಕಾಯಿತು. ಅದನ್ನು ನಂಬಿದ್ದ ಗಿರಾಕಿಗಳ ಇಂಟರ್‌ನೆಟ್ ಕುಂಟಿತು. ಕರೆಂಟು ಮತ್ತೆ ಹರಿದದ್ದು ಜೂನ್ 13ಕ್ಕೆ. ಅಷ್ಟರಲ್ಲಿ ಮಳೆಯೂ ಕೈಕೊಟ್ಟು ಜಲಾಶಯಗಳು ಶೇಕಡಾ 13ರ ಕೆಳಗೆ ಇಳಿದಿದ್ದವು. ಡೀಸೆಲ್ ಜನರೇಟರುಗಳನ್ನು ತರಿಸಿದರು. ಲೋಹದ ಕಾರ್ಖಾನೆಗಳು ಬಳಕೆ ತಗ್ಗಿಸಬೇಕಾಯಿತು. ಕಾರ್ಖಾನೆಯ ಕರೆಂಟು ತಗ್ಗಿದರೆ ಮೊದಲು ತಗ್ಗುವುದು ಯಾರ ಪಾಳಿ ಎಂಬುದನ್ನು ಗಿರಣಿಯ ಗೆಳೆಯರಿಗೆ ನಾವು ಹೇಳಿಕೊಡಬೇಕೆ?

ಖಾಸಗಿಯವರನ್ನಷ್ಟೇ ಬೈದರೆ ನ್ಯಾಯವಾಗದು. ಅಲ್ಲಿನ ಜಲವಿದ್ಯುತ್ ಸಂಸ್ಥೆ ಸರಕಾರದ್ದೇ. ಇಂಗಾಲದ ತೆರಿಗೆಯಿಂದ ದರ ಏರಿದ್ದ 2012–14ರಲ್ಲಿ ಅದು ಜಲಾಶಯದ ನೀರನ್ನು ಕರೆಂಟಾಗಿ ಮಾರಿ ಲಾಭ ಎಣಿಸಿತು. ಕೇಬಲು ಕೆಡುವುದಕ್ಕೆ ನಾಲ್ಕೇ ತಿಂಗಳ ಹಿಂದೆ ಸರಕಾರ ಟೇಮರ್ ಕಣಿವೆಯ ಅನಿಲ ವಿದ್ಯುದಾಗಾರದ ಮುಖ್ಯ ಯಂತ್ರವನ್ನೂ ಮಾರಲು ಒಪ್ಪಿತ್ತು! ಆಮೇಲೆ ಅದನ್ನೇ ಓಡೋಡಿ ಚಾಲೂ ಮಾಡಿದರು. ಸರಕಾರಿ ಬೋರ್ಡು ತೂಗಿದ ಮಾತ್ರಕ್ಕೆ ಸಂಸ್ಥೆ ಜನರದ್ದಾಗುವುದಿಲ್ಲ.

ಇನ್ನು ಕಂಪನಿ. ಕೇಬಲು ಕೆಟ್ಟದ್ದು ತನ್ನ ಕೈಮೀರಿದ್ದೆಂದು ಅದು ವಾದಿಸಿತು. 2020ರಲ್ಲಿ ಮಧ್ಯಸ್ಥಗಾರರ ತೀರ್ಪು ಅದರ ವಿರುದ್ಧವಾಯಿತು. ಮರುವರ್ಷ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2022ರಲ್ಲಿ ಎಪಿಎ ಎಂಬ ಮತ್ತೊಂದು ಖಾಸಗಿ ಸಂಸ್ಥೆ ಕೊಂಡಿತು. ದ್ವೀಪದ ದೀಪವೂ ಮಾತೂ ಹೀಗೆ ಸಂತೆಯ ದನದಂತೆ ಕೈಬದಲಾದವು.

ಅದೇ 2022ರ ಮಾರ್ಚ್ 1ರಂದು, ದ್ವೀಪದ ಮಾತು ಸಾಗಿಸುವ ಬೇರೊಂದು ಕಂಪನಿಯ ಎರಡು ಕೇಬಲುಗಳು ಕೆಲವೇ ಗಂಟೆಗಳ ಅಂತರದಲ್ಲಿ ತುಂಡಾದವು. ಗಂಟೆಗಟ್ಟಲೆ ಅಂಗಡಿಗಳಲ್ಲಿ ಕಾರ್ಡಿನ ಯಂತ್ರ ನಡೆಯಲಿಲ್ಲ. ಚಿಲ್ಲರೆ ವ್ಯಾಪಾರಿಗೆ ಅದರ ಅರ್ಥ ಗೊತ್ತು.

ಈಗ ಮರೀನಸ್ ಲಿಂಕ್ ಎಂಬ ಹೊಸ ಹುರಿಗೆ ಸಿದ್ಧತೆ ನಡೆದಿದೆ. ಮೊದಲ ಹಂತ 750 ಮೆಗಾವಾಟ್, ಜೊತೆಗೆ ಗಾಜಿನ ಎಳೆಗಳು. 2025ರ ಆಗಸ್ಟಿನಲ್ಲಿ ಒಪ್ಪಿಗೆಯಾಯಿತು. ಒಡೆತನ ಕೇಂದ್ರ, ವಿಕ್ಟೋರಿಯ, ಟಾಸ್ಮೇನಿಯ ಸರಕಾರಗಳದು. ಒಳ್ಳೆಯದೇ. ಆದರೆ ದುರಸ್ತಿಗೆಂದು ಗಾಜಿನ ಎಳೆಯನ್ನು ಕತ್ತರಿಸಬೇಕಾದ ದಿನ ಯಾವ ಕೇಬಲು ಆ ಹೊರೆ ಹೊರುತ್ತದೆ, ಯಾರ ಖರ್ಚಿನಲ್ಲಿ ಹೊರುತ್ತದೆ, ಪಾಳಿ ತಪ್ಪಿದವನಿಗೆ ಕೂಲಿ ಕೊಡುವವರು ಯಾರು ಎಂಬುದನ್ನು ಹುರಿ ನೀರಿಗಿಳಿಯುವ ಮೊದಲೇ ಕರಾರಿನಲ್ಲಿ ಬರೆದು ಪ್ರಕಟಿಸಬೇಕು.