ಹುಣಸೆ ಬೀಜವೂ ನಮ್ಮ ಬೆರಳೂ

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಜನ ‘ಹುಣಸೆ ಹುಚ್ಚ’ ಎಂದರು. ಹೊಲದಲ್ಲಿ ಹುಣಸೆ ಬೆಳೆಸಿ, ಹಣ್ಣಿನಿಂದ ಬೀಜ ಬಿಡಿಸುವ ಯಂತ್ರವನ್ನೂ ಬಿತ್ತುವ ಕೂರಿಗೆಯನ್ನೂ ತಾವೇ ಮಾಡಿದ ರೈತ ಅವರು. 2022ರಲ್ಲಿ ಪದ್ಮಶ್ರೀ ಬಂದ ಮೇಲೆ ನಮಗೆಲ್ಲ ಹಾರ ತುರಾಯಿ ನೆನಪಾಯಿತು. ಇರಲಿ, ನನ್ನ ಸಿಟ್ಟು ಬೇರೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಯೇ ನೋಡಿ, ಬೇಸಿಗೆ ಬಂತೆಂದರೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂಡುವವರು ಹೆಂಗಸರೇ. ಸಾಲ ಮಾಡಿ ಟ್ರ್ಯಾಕ್ಟರ್ ತರುವ ಮನೆಯಲ್ಲೂ ಈ ಬೆರಳುಗಳ ನೋವು ಲೆಕ್ಕಕ್ಕಿಲ್ಲ. ಇವಕ್ಕೆ ಕೂಲಿ ಕೊಡಬೇಕಿಲ್ಲವಲ್ಲ! ಗಂಡಸರ ಮಾತು ಬಿಡಿ. ಅಕ್ಕಂದಿರೇ, ಓಣಿಯ ಗಣಪತಿಗೆ ಚಂದಾ ಎತ್ತುವ ನಮ್ಮ ಮಹಿಳಾ ಮಂಡಳಗಳು ಹತ್ತು ಮನೆ ಕೂಡಿಸಿ ಅಂಥದೊಂದು ಯಂತ್ರಕ್ಕೆ ಚಂದಾ ಎತ್ತಬಾರದೇಕೆ?